ಧೂಮಕೇತುವಿನ ಬಾಲದಲ್ಲಿ ಸೂರ್ಯನ ಗಾಳಿಯನ್ನು ಕಂಡ ಲುಡ್ವಿಗ್ ಬೀರ್ಮನ್

ಧೂಮಕೇತು ಎಂಬ ಶಬ್ದವನ್ನು ನಾವೆಲ್ಲ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಅದರ ಅರ್ಥವನ್ನು ಯೋಚಿಸಿದವರು ಮಾತ್ರ ಕಡಿಮೆ. ಕೇತು ಎಂದರೆ ಬಾವುಟ. ಹೊಗೆಯನ್ನೇ ಬಾವುಟವಾಗಿ ಉಳ್ಳದ್ದು ಧೂಮಕೇತು. ಈ ಬಾವುಟ ಆಗಸದಲ್ಲಿ ಕಾಣಿಸಿಕೊಂಡಾಗಲೆಲ್ಲ ಅರಸನಿಗೆ ಕೇಡು, ನಾಡಿಗೆ ಬರಗಾಲ ಎಂದು ಜನ ತಲ್ಲಣಿಸಿದರು. ಗ್ರಹಗತಿಗೂ ಶುಭಾಶುಭ ಗಳಿಗೆಗೂ ಮಣಿಯದೆ ಬಾಳಬೇಕೆಂದು ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ತಿಳಿಯಹೇಳಿದ್ದರೂ ಈ ಅಂಜಿಕೆ ನಮ್ಮ ಮನೆಯಂಗಳಗಳಿಂದ ಪೂರ್ಣವಾಗಿ ತೊಲಗಿತೆಂದು ಹೇಳಲಾಗದು. ಆದರೆ ಬಾವುಟವೊಂದನ್ನು ಕಂಡವನಲ್ಲಿ ಸಹಜವಾಗಿ ಏಳಬೇಕಾದ ಪ್ರಶ್ನೆ ಬೇರೆಯೇ ಆಗಿದೆ. ಇದನ್ನು ಹಾರಿಸುತ್ತಿರುವ ಗಾಳಿ ಯಾವುದು? ಗಾಳಿಯೇ ಇಲ್ಲದ ಆ ಶೂನ್ಯದಲ್ಲಿ ಬಾವುಟ ಹಾರುವುದು ಹೇಗೆ? ಈ ಪ್ರಶ್ನೆಯನ್ನು ಕಟ್ಟುನಿಟ್ಟಾಗಿ ಕೇಳಿ, ೧೯೫೧ರಲ್ಲಿ ಅದಕ್ಕೆ ಉತ್ತರವನ್ನೂ ಕೊಟ್ಟವರು ಜರ್ಮನಿಯ ಖಗೋಳವಿಜ್ಞಾನಿ ಲುಡ್ವಿಗ್ ಬೀರ್ಮನ್. ಅವರು ಕೊಟ್ಟ ಉತ್ತರದಲ್ಲಿ ಸರಿಯೂ ಇತ್ತು, ತಪ್ಪೂ ಇತ್ತು. ಅವೆರಡೂ ಒಂದರೊಳಗೊಂದು ಹೇಗೆ ಹೆಣೆದುಕೊಂಡಿದ್ದವೆಂಬುದೇ ಅವರ ಜೀವನದ ಸ್ವಾರಸ್ಯಕರ ಭಾಗವೆಂದು ನನಗೆ ತೋರುತ್ತದೆ.

ಬೀರ್ಮನ್ನರು ಹುಟ್ಟಿದ್ದು ೧೯೦೭ನೆಯ ಇಸವಿಯ ಮಾರ್ಚ್ ೧೩ರಂದು, ವೆಸ್ಟ್‌ಫಾಲಿಯಾ ಪ್ರಾಂತದ ಹಾಮ್ ಎಂಬ ಊರಿನಲ್ಲಿ. ಹಲವು ವಿಶ್ವವಿದ್ಯಾಲಯಗಳಲ್ಲಿ ಕಲಿತು ಕಡೆಗೆ ಗಟ್ಟಿಂಗನ್ನಿಗೆ ಬಂದು, ೧೯೩೨ರಲ್ಲಿ ಅಲ್ಲಿಯೇ ಡಾಕ್ಟರೇಟ್ ಪಡೆದರು. ಆ ಕಾಲದ ಗಟ್ಟಿಂಗನ್ ಗಣಿತ ಮತ್ತು ಭೌತವಿಜ್ಞಾನಗಳ ತವರುಮನೆಯಾಗಿದ್ದಿತು. ಗಾಳಿ ಮತ್ತು ನೀರಿನ ಹರಿವನ್ನು ಕುರಿತು ಹೊಸ ಶಾಸ್ತ್ರವನ್ನೇ ಕಟ್ಟಿದ ಲುಡ್ವಿಗ್ ಪ್ರಾಂಟ್ಲ್ ಅಲ್ಲಿಯೇ ಇದ್ದರು. ಒಲೆಯ ಮೇಲಿನ ಪಾತ್ರೆಯಲ್ಲಿ ನೀರು ಕುದಿಯುವಾಗ ಬಿಸಿಯಾದ ಭಾಗ ಮೇಲಕ್ಕೇರಿ ತಣ್ಣನೆಯ ಭಾಗ ಕೆಳಗಿಳಿಯುವ ಕ್ರಿಯೆಗೆ ಸಂವಹನ ಎಂದು ಹೆಸರು. ಪ್ರಾಂಟ್ಲರ ವಿಚಾರಗಳನ್ನು ನಕ್ಷತ್ರಗಳ ಒಡಲಿಗೆ ಅನ್ವಯಿಸಿ, ಅಲ್ಲಿ ಶಾಖವು ಸಂವಹನದಿಂದ ಎಷ್ಟರಮಟ್ಟಿಗೆ ಹೊರಬರುತ್ತದೆಂದು ಮೊದಲಿಗೆ ಲೆಕ್ಕ ಹಾಕಿದವರಲ್ಲಿ ತರುಣ ಬೀರ್ಮನ್ನರು ಪ್ರಮುಖರು. ಮುಂದೆ ಎಡಿನ್‌ಬರೊ, ಯೇನಾಗಳಲ್ಲಿ ಕೆಲಕಾಲವಿದ್ದು, ೧೯೩೭ರಿಂದ ಬರ್ಲಿನ್ ಸಮೀಪದ ಬಾಬೆಲ್ಸ್‌ಬರ್ಗ್ ವೀಕ್ಷಣಾಲಯದಲ್ಲಿ ನೆಲೆಸಿದರು. ಸೂರ್ಯನ ಮೇಲಿನ ಕಲೆಗಳು ಸುತ್ತಲಿನ ಭಾಗಕ್ಕಿಂತ ತಣ್ಣಗಿರುವುದೇಕೆ ಎಂಬುದಕ್ಕೆ, ಅಲ್ಲಿನ ಪ್ರಬಲ ಕಾಂತಕ್ಷೇತ್ರವು ಸಂವಹನವನ್ನು ತಡೆಯುತ್ತದೆಂಬ ಕಾರಣವನ್ನು ಅವರು ೧೯೪೧ರಲ್ಲಿ ಸೂಚಿಸಿದರು. ಆ ವಿವರಣೆಯ ಸಾರ ಇಂದಿಗೂ ಉಳಿದಿದೆ.

ಯುದ್ಧ ಮುಗಿಯುವ ಹೊತ್ತಿಗೆ ಜರ್ಮನಿ ಹಾಳುಬಿದ್ದಿತ್ತು. ಕೆಲಕಾಲ ಹ್ಯಾಂಬರ್ಗಿನಲ್ಲಿದ್ದ ಬೀರ್ಮನ್ನರು ೧೯೪೭ರಲ್ಲಿ ಗಟ್ಟಿಂಗನ್ನಿಗೆ ಮರಳಿದರು. ಅಲ್ಲಿ ವರ್ನರ್ ಹೈಸನ್‌ಬರ್ಗರ ನಾಯಕತ್ವದಲ್ಲಿ ಪುನಃ ಕಟ್ಟಲಾಗುತ್ತಿದ್ದ ಭೌತವಿಜ್ಞಾನ ಸಂಸ್ಥೆಯಲ್ಲಿ ಖಭೌತ ವಿಭಾಗದ ಹೊಣೆ ಅವರ ಪಾಲಿಗೆ ಬಂದಿತು. ಕೈಯಲ್ಲಿ ದೊಡ್ಡ ದೂರದರ್ಶಕವಿರಲಿಲ್ಲ. ಇದ್ದದ್ದು ಕಾಗದ, ಲೇಖನಿ, ಹಳೆಯ ವೀಕ್ಷಣೆಗಳ ದಾಖಲೆ, ಜೊತೆಗೆ ಕೆಲವರು ಚುರುಕು ಬುದ್ಧಿಯ ಕಿರಿಯರು. ಕೈಲೆಕ್ಕದ ಮಿತಿಯನ್ನು ಅರಿತಿದ್ದ ಅವರು, ಹೈನ್ಸ್ ಬಿಲ್ಲಿಂಗ್ ಎಂಬ ತಂತ್ರಜ್ಞರು ಅಲ್ಲಿಯೇ ವಿದ್ಯುನ್ಮಾನ ಗಣಕಯಂತ್ರಗಳನ್ನು ನಿರ್ಮಿಸುವುದಕ್ಕೆ ಬೆಂಬಲವಾಗಿ ನಿಂತರು. ಜರ್ಮನಿಯ ಮೊದಮೊದಲ ವಿದ್ಯುನ್ಮಾನ ಗಣಕಗಳು ಹೀಗೆ ನಕ್ಷತ್ರಗಳ ಲೆಕ್ಕಕ್ಕಾಗಿ ದುಡಿದವೆಂಬುದು ಗಮನಿಸತಕ್ಕ ಸಂಗತಿ.

ಈ ದಿನಗಳಲ್ಲಿಯೇ ಬೀರ್ಮನ್ನರ ಲಕ್ಷ್ಯ ಧೂಮಕೇತುಗಳ ಕಡೆಗೆ ಹರಿಯಿತು. ಪ್ರಶ್ನೆ ಹಳೆಯದು. ಬಾಲವು ಯಾವಾಗಲೂ ಸೂರ್ಯನಿಗೆ ವಿಮುಖವಾಗಿರುತ್ತದೆ ಎಂಬುದನ್ನು ಯುರೋಪಿನಲ್ಲಿ ಪೀಟರ್ ಅಪಿಯಾನ್ ೧೫೩೧ರ ಧೂಮಕೇತುವನ್ನು ನೋಡಿ ಗುರುತಿಸಿದ್ದನು. ಚೀನೀಯರು ಇದನ್ನು ಶತಮಾನಗಳ ಹಿಂದೆಯೇ ಬಲ್ಲವರಾಗಿದ್ದರು. ನಮ್ಮ ಮಕ್ಕಳು ಧೂಮಕೇತುವಿನ ಚಿತ್ರ ಬರೆಯುವಾಗ ಓಡುವ ಕುದುರೆಯ ಬಾಲದಂತೆ ಅದನ್ನು ಹಿಂದಕ್ಕೆ ಎಳೆಯುತ್ತಾರೆ. ನಾವು ಉಪಾಧ್ಯಾಯರೂ ಎಷ್ಟೋ ಸಲ ತಿದ್ದದೆ ಬಿಡುತ್ತೇವೆ. ನಿಜಸ್ಥಿತಿ ಹಾಗಿಲ್ಲ. ಸೂರ್ಯನನ್ನು ಸುತ್ತಿ ಹಿಂದಿರುಗುವ ಧೂಮಕೇತು ತನ್ನ ಬಾಲವನ್ನು ಮುಂದಿಟ್ಟುಕೊಂಡೇ ನಡೆಯುತ್ತದೆ. ಸೂರ್ಯನ ಕಡೆಯಿಂದ ಏನೋ ಒಂದು ಅದನ್ನು ತಳ್ಳುತ್ತಿದೆ ಎಂಬುದು ಇದರಿಂದ ಸ್ಪಷ್ಟ. ಸೂರ್ಯನ ಬೆಳಕೇ ತಳ್ಳುತ್ತದೆಂದು ಕೆಪ್ಲರ್ ಊಹಿಸಿದನು. ಬೆಳಕಿಗೆ ಒತ್ತಡವುಂಟೆಂಬುದನ್ನು ಮ್ಯಾಕ್ಸ್‌ವೆಲ್ ಗಣಿತದಿಂದ ತೋರಿಸಿದ ಮೇಲೆ, ರಷ್ಯದ ಲೆಬೆಡೆವ್ ಪ್ರಯೋಗಶಾಲೆಯಲ್ಲಿ ಅದನ್ನು ಅಳೆದ ಮೇಲೆ, ಪ್ರಶ್ನೆ ಬಗೆಹರಿಯಿತೆಂದೇ ವಿದ್ವಾಂಸರು ಭಾವಿಸಿದರು.

ಆದರೆ ಧೂಮಕೇತುವಿಗೆ ಸಾಮಾನ್ಯವಾಗಿ ಎರಡು ಬಗೆಯ ಬಾಲಗಳಿರುತ್ತವೆ. ಒಂದು ಹಳದಿ ಛಾಯೆಯ, ಅಗಲವಾದ, ಬಾಗಿದ ಬಾಲ, ಇದು ಧೂಳಿನದು. ಇನ್ನೊಂದು ನೀಲಿ ಛಾಯೆಯ, ನೆಟ್ಟಗೆ ಚಾಚಿದ, ಎಳೆಎಳೆಯಾದ ಬಾಲ. ರೋಹಿತದರ್ಶಕದಿಂದ ನೋಡಿದರೆ ಇದರಲ್ಲಿ ಕಾರ್ಬನ್ ಮಾನಾಕ್ಸೈಡಿನಂಥ ಅನಿಲಗಳ ಅಯಾನುಗಳು, ಅಂದರೆ ಇಲೆಕ್ಟ್ರಾನನ್ನು ಕಳೆದುಕೊಂಡು ವಿದ್ಯುದಾವೇಶ ಹೊಂದಿದ ಅಣುಗಳು, ಕಂಡುಬರುತ್ತವೆ. ಧೂಳಿನ ಬಾಲಕ್ಕೆ ಬೆಳಕಿನ ಒತ್ತಡ ಸಾಕಾಗುತ್ತದೆ. ಅಯಾನು ಬಾಲದ ಕಥೆಯೇ ಬೇರೆ. ಅದರಲ್ಲಿ ಆಗಾಗ ಗಂಟುಗಳು, ತಿರುಚುಗಳು ಹುಟ್ಟುತ್ತವೆ. ರಾತ್ರಿಯಲ್ಲಿ ಒಂದರ ಮೇಲೊಂದು ತೆಗೆದ ಛಾಯಾಚಿತ್ರಗಳಲ್ಲಿ ಅವು ಸರಿಯುವುದನ್ನು ಅಳೆಯಬಹುದು. ೧೯೦೮ರ ಮೋರ್‌ಹೌಸ್ ಧೂಮಕೇತುವಿನ ಬಾಲವು ಕೆಲವೇ ಗಂಟೆಗಳಲ್ಲಿ ಗುರುತು ಸಿಗದಂತೆ ಬದಲಾಗುತ್ತಿದ್ದಿತು. ಇಂಥ ಗಂಟುಗಳ ಮೇಲೆ ವರ್ತಿಸುವ ಬಲವು ಸೂರ್ಯನ ಗುರುತ್ವಾಕರ್ಷಣೆಯ ನೂರು ಪಟ್ಟನ್ನೂ ಮೀರುತ್ತಿತ್ತು. ಬೆಳಕು ಎಷ್ಟು ತಳ್ಳಿದರೂ ಅಷ್ಟು ತಳ್ಳಲಾರದು. ಈ ಅಂತರವನ್ನು ಬಲ್ಲವರು ಬೇರೆಯವರೂ ಇದ್ದರು. ಬೀರ್ಮನ್ನರು ಮಾತ್ರ ಅದನ್ನು ಬದಿಗೊತ್ತಲಿಲ್ಲ.

ಬೆಳಕಲ್ಲವಾದರೆ ಬೇರೆ ಯಾವುದು? ಸೂರ್ಯನಿಂದ ಕಣಗಳೂ ಹೊರಡುತ್ತವೆಂಬ ಸಂಶಯ ಆಗಲೇ ಇದ್ದಿತು. ಸೂರ್ಯನ ಮೇಲೆ ಸ್ಫೋಟವಾದ ಒಂದೆರಡು ದಿನಗಳಲ್ಲಿ ಭೂಮಿಯ ಕಾಂತಸೂಚಿಗಳು ಕಂಪಿಸುವುದನ್ನು, ಧ್ರುವಪ್ರದೇಶದಲ್ಲಿ ಅರೋರಾ ಪ್ರಭೆ ಉಕ್ಕುವುದನ್ನು ಎಲ್ಲರೂ ಬಲ್ಲರು. ಆದ್ದರಿಂದ ಸೂರ್ಯನು ಆಗೊಮ್ಮೆ ಈಗೊಮ್ಮೆ, ಯಾವುದೋ ಒಂದು ದಿಕ್ಕಿಗೆ, ಕಣಗಳ ಮೋಡವನ್ನು ಉಗುಳುತ್ತಾನೆಂದು ನಂಬಿದ್ದರು. ಮಿಕ್ಕ ವೇಳೆಯಲ್ಲಿ ಗ್ರಹಗಳ ನಡುವಣ ಪ್ರದೇಶ ಬರಿದು. ಅಥವಾ ಅಲ್ಲಿರುವ ಅಲ್ಪಸ್ವಲ್ಪ ಅನಿಲ ನಿಶ್ಚಲ. ಇದು ಅಂದಿನ ಸಾಮಾನ್ಯ ಅಭಿಪ್ರಾಯ.

ಬೀರ್ಮನ್ನರ ವಾದ ಹೀಗೆ ಸಾಗಿತು. ಅಯಾನು ಬಾಲವನ್ನು ತಳ್ಳುವುದು ಸೂರ್ಯನಿಂದ ಬರುವ ವಿದ್ಯುದಾವಿಷ್ಟ ಕಣಗಳ ಪ್ರವಾಹ. ಅದರ ವೇಗ ಸೆಕೆಂಡಿಗೆ ನೂರಾರು ಕಿಲೋಮೀಟರು. ಭೂಮಿಯ ಕಾಂತಕ್ಷೋಭೆಗೆ ಕಾರಣವಾಗುವುದೂ ಇದೇ ಪ್ರವಾಹ. ಇಲ್ಲಿಯವರೆಗೆ ಹೆಚ್ಚಿನ ಸಾಹಸವೇನೂ ಇಲ್ಲ. ಆದರೆ ಮುಂದಿನ ಹೆಜ್ಜೆಯನ್ನು ನೋಡಿರಿ. ಭೂಮಿ ಸೂರ್ಯನನ್ನು ಸುತ್ತುವುದು ಒಂದೇ ಸಮತಲದಲ್ಲಿ. ಧೂಮಕೇತುಗಳಾದರೋ ಎಲ್ಲ ಕೋನಗಳಿಂದಲೂ ಬರುತ್ತವೆ, ಸೂರ್ಯನ ಧ್ರುವಗಳ ಮೇಲೂ ಹಾದುಹೋಗುತ್ತವೆ. ಸೂರ್ಯನು ಶಾಂತನಾಗಿರುವ ವರ್ಷಗಳಲ್ಲಿಯೂ ಬರುತ್ತವೆ, ಕ್ಷುಬ್ಧನಾಗಿರುವ ವರ್ಷಗಳಲ್ಲಿಯೂ ಬರುತ್ತವೆ. ಹೀಗಿದ್ದೂ ಅವುಗಳ ಅಯಾನು ಬಾಲ ಯಾವಾಗಲೂ ಸೂರ್ಯನಿಂದ ಹೊರಮುಖವಾಗಿಯೇ ಇರುತ್ತದೆ. ಸೂರ್ಯನ ಕಡೆಗೆ ಜೋತುಬಿದ್ದ ಅಯಾನು ಬಾಲವನ್ನು ಕಂಡವರಿಲ್ಲ. ಹಾಗಾದರೆ ಪ್ರವಾಹವು ಆಗೊಮ್ಮೆ ಈಗೊಮ್ಮೆ ಬರುವಂಥದಲ್ಲ. ಅದು ಎಲ್ಲ ದಿಕ್ಕಿಗೂ, ಎಲ್ಲ ಕಾಲದಲ್ಲಿಯೂ, ಎಡೆಬಿಡದೆ ಬೀಸುತ್ತಿದೆ. ಒಂದು ಯಂತ್ರವನ್ನೂ ಆಕಾಶಕ್ಕೆ ಕಳುಹಿಸದೆ, ಮೊದಲನೆಯ ಕೃತಕ ಉಪಗ್ರಹ ಹಾರುವುದಕ್ಕೆ ಆರು ವರ್ಷ ಮುನ್ನ, ಸೌರವ್ಯೂಹವೆಲ್ಲ ಗಾಳಿಯಿಂದ ತುಂಬಿದೆಯೆಂದು ಗಟ್ಟಿಂಗನ್ನಿನ ಕೋಣೆಯೊಂದರಲ್ಲಿ ಕುಳಿತು ಅವರು ನಿರ್ಧರಿಸಿದರು.

ಇನ್ನೊಂದು ಸಾಕ್ಷ್ಯವೂ ಅವರ ಕೈಗೆ ಸಿದ್ಧವಾಗಿ ದೊರೆಯಿತು. ಸೊನ್ನಬರ್ಗ್ ವೀಕ್ಷಣಾಲಯದ ಕೂನೊ ಹೋಫ್‌ಮೈಸ್ಟರ್ ೧೯೪೩ರಲ್ಲಿ ಒಂದು ಸೂಕ್ಷ್ಮವನ್ನು ಪ್ರಕಟಿಸಿದ್ದರು. ಅಯಾನು ಬಾಲ ಸೂರ್ಯನಿಗೆ ನೇರ ವಿಮುಖವಾಗಿ ಇರುವುದಿಲ್ಲ. ಧೂಮಕೇತು ಬಂದ ದಾರಿಯ ಕಡೆಗೆ ಸುಮಾರು ಆರು ಡಿಗ್ರಿಗಳಷ್ಟು ಓರೆಯಾಗಿರುತ್ತದೆ. ಧೂಮಕೇತುವಿನ ಅಡ್ಡವೇಗ ಹೆಚ್ಚಿದಂತೆ ಈ ಓರೆಯೂ ಹೆಚ್ಚುತ್ತದೆ. ಯಾಕೆ ಹೀಗೆಂಬುದು ತಿಳಿದಿರಲಿಲ್ಲ. ಬೀರ್ಮನ್ನರ ಕಲ್ಪನೆಯಲ್ಲಿ ಇದು ತಾನಾಗಿಯೇ ಬಿಡಿಸಿಕೊಂಡಿತು. ಪಕ್ಕದಿಂದ ಗಾಳಿ ಬೀಸುವಾಗ ಓಡುವ ಬಂಡಿಗೆ ಕಟ್ಟಿದ ಬಾವುಟ ಗಾಳಿಯ ದಿಕ್ಕಿಗೂ ನಿಲ್ಲದೆ ಬಂಡಿಯ ಹಿಂದಕ್ಕೂ ನಿಲ್ಲದೆ ನಡುವೆ ಓರೆಯಾಗಿ ಹಾರುತ್ತದೆ. ಬಂಡಿಯ ವೇಗ ಗೊತ್ತಿದ್ದರೆ ಓರೆಯಿಂದ ಗಾಳಿಯ ವೇಗವನ್ನು ಹೇಳಬಹುದು. ಸೆಕೆಂಡಿಗೆ ೪೦ ಕಿಲೋಮೀಟರು ಅಡ್ಡವಾಗಿ ಚಲಿಸುವ ಧೂಮಕೇತುವಿನ ಬಾಲ ಆರು ಡಿಗ್ರಿ ಓರೆಯಾಗಬೇಕಾದರೆ ಗಾಳಿಯ ವೇಗ ಸೆಕೆಂಡಿಗೆ ಸುಮಾರು ೪೦೦ ಕಿಲೋಮೀಟರು ಇರಬೇಕು. ತಳ್ಳುವುದು ಬೆಳಕೇ ಆಗಿದ್ದರೆ, ಅದರ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಆದುದರಿಂದ, ಓರೆಯು ಒಂದು ಡಿಗ್ರಿಯ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾಗಿ ಕಣ್ಣಿಗೇ ಬೀಳುತ್ತಿರಲಿಲ್ಲ. ಪ್ರೌಢಶಾಲೆಯ ತ್ರಿಕೋನಮಿತಿಯಿಂದ ಸೂರ್ಯನ ಗಾಳಿಯ ವೇಗವನ್ನು ಅಳೆಯುವ ಈ ಲೆಕ್ಕವನ್ನು ಹತ್ತನೆಯ ತರಗತಿಯ ಕರಿಹಲಗೆಯ ಮೇಲೆ ಮಾಡಿ ತೋರಿಸಬಹುದು. ಮಾಡಿ ತೋರಿಸಬೇಕು.

ಇನ್ನು ತಪ್ಪಿನ ಮಾತು. ಪ್ರವಾಹದ ಕಣಗಳು ಬಾಲದ ಅಯಾನುಗಳಿಗೆ ಡಿಕ್ಕಿ ಹೊಡೆದು ಅವನ್ನು ತಳ್ಳುತ್ತವೆ, ಅದರಲ್ಲಿಯೂ ಇಲೆಕ್ಟ್ರಾನುಗಳ ಘರ್ಷಣೆಯೇ ಮುಖ್ಯ ಎಂದು ಬೀರ್ಮನ್ನರು ಭಾವಿಸಿದ್ದರು. ಆದರೆ ಅಷ್ಟು ವಿರಳವಾದ ಅನಿಲಗಳಲ್ಲಿ, ಅಷ್ಟು ವೇಗದಲ್ಲಿ, ಡಿಕ್ಕಿಗಳು ತೀರ ಅಪರೂಪ. ಡಿಕ್ಕಿಯಿಂದಲೇ ಅಷ್ಟೊಂದು ಬಲ ಬರಬೇಕಾದರೆ ಪ್ರವಾಹ ಬಹಳ ದಟ್ಟವಾಗಿರಬೇಕು. ಆದ್ದರಿಂದ ಒಂದು ಘನಸೆಂಟಿಮೀಟರಿನಲ್ಲಿ ನೂರಾರು ಕಣಗಳು, ಕೆಲವೊಮ್ಮೆ ಸಾವಿರದವರೆಗೂ ಇರಬೇಕೆಂದು ಅವರು ಲೆಕ್ಕ ಹಾಕಿದರು. ಸಂಧ್ಯೆಯ ನಂತರ ಪಡುವಣದಲ್ಲಿ ಕಾಣುವ ರಾಶಿಚಕ್ರ ಪ್ರಭೆಯ ಬೆಳಕನ್ನು ಅಳೆದವರು ಆಗ ಇದೇ ಬಗೆಯ ದಟ್ಟಣೆಯನ್ನು ಹೇಳಿದ್ದುದು ಅವರ ಲೆಕ್ಕಕ್ಕೆ ಬಲ ಕೊಟ್ಟಂತೆ ತೋರಿತು. ಆ ಬೆಳಕು ಧೂಳಿನದೆಂದು ತಿಳಿದದ್ದು ಆಮೇಲೆ. ಭೂಮಿಯ ಬಳಿ ಆ ಗಾಳಿಯಲ್ಲಿರುವುದು ಘನಸೆಂಟಿಮೀಟರಿಗೆ ಸುಮಾರು ಐದು ಪ್ರೋಟಾನುಗಳು ಮಾತ್ರ. ನೂರು ಪಟ್ಟು ತಪ್ಪಿದ ಲೆಕ್ಕವಿದು. ಇಂಥ ಜೀವನಚಿತ್ರಗಳಲ್ಲಿ ಈ ಬಗೆಯ ಸಂಗತಿಗಳನ್ನು ಮುಚ್ಚಿಡುವ ವಾಡಿಕೆಯುಂಟು. ನನಗೆ ಅದು ಸರಿತೋರದು.

ತಪ್ಪನ್ನು ತಿದ್ದಿದವರು ಸ್ವೀಡನ್ನಿನ ಹಾನ್ನೆಸ್ ಆಲ್ಫ್‌ವೇನ್. ೧೯೫೭ರಲ್ಲಿ ಅವರು ಹೇಳಿದ್ದು ಇಷ್ಟು: ಸೂರ್ಯನಿಂದ ಬರುವ ಪ್ರವಾಹ ತನ್ನೊಡನೆ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ. ವಿದ್ಯುದಾವಿಷ್ಟ ಅನಿಲವೂ ಕಾಂತಬಲರೇಖೆಗಳೂ ನೇಯ್ಗೆಯ ನೂಲುಗಳಂತೆ ಒಂದನ್ನೊಂದು ಬಿಡಲಾರವು. ಧೂಮಕೇತುವಿನ ತಲೆಯ ಸುತ್ತಲಿನ ಅಯಾನುಗಳ ಮಧ್ಯೆ ಸಿಕ್ಕಿದ ಬಲರೇಖೆಯ ನಡುಭಾಗ ಅಲ್ಲಿಯೇ ತಡೆಯಲ್ಪಡುತ್ತದೆ. ಅದರ ಎರಡು ತುದಿಗಳು ಇಕ್ಕೆಲಗಳಲ್ಲಿ ಪೂರ್ಣವೇಗದಿಂದ ಮುಂದೆ ಸಾಗುತ್ತವೆ. ಹೊಳೆಯ ನಡುವೆ ನೆಟ್ಟ ಕಂಬಕ್ಕೆ ತಗುಲಿಕೊಂಡ ಹಗ್ಗ ಎರಡೂ ಕಡೆ ಪ್ರವಾಹದೊಡನೆ ಚಾಚಿಕೊಳ್ಳುವಂತೆ ಬಲರೇಖೆಗಳು ತಲೆಯ ಮೇಲೆ ಮಡಿಚಿಕೊಂಡು ಹಿಂದಕ್ಕೆ ಜೋಲುತ್ತವೆ. ಅಯಾನುಗಳು ಆ ಮಡಿಕೆಯುದ್ದಕ್ಕೂ ಹರಿದು ಬಾಲವಾಗುತ್ತವೆ. ಬಾಲದ ಎಳೆಗಳು ಮಡಿಸುವ ಕೊಡೆಯ ಕಡ್ಡಿಗಳಂತೆ ನಡುವಿನ ಕಡೆಗೆ ಸರಿದು ಕೂಡಿಕೊಳ್ಳುವ ನೋಟಕ್ಕೂ ಇದರಿಂದ ಅರ್ಥ ಬಂದಿತು. ಡಿಕ್ಕಿ ಬೇಕಿಲ್ಲ, ದಟ್ಟಣೆಯೂ ಬೇಕಿಲ್ಲ. ಕಾಂತಕ್ಷೇತ್ರವೇ ಹಿಡಿದು ಎಳೆಯುತ್ತದೆ. ಬೀರ್ಮನ್ನರು ಗಾಳಿಯನ್ನು ಸರಿಯಾಗಿ ಗುರುತಿಸಿದ್ದರು. ಗಾಳಿಯ ಕೈಯನ್ನು ಗುರುತಿಸಿದವರು ಆಲ್ಫ್‌ವೇನ್.

ಅದೇ ದಶಕದಲ್ಲಿ ಬೀರ್ಮನ್ನರು ಅಮೆರಿಕದ ಚಿಕಾಗೋ ನಗರಕ್ಕೆ ಹೋಗಿದ್ದಾಗ ಯೂಜೀನ್ ಪಾರ್ಕರ್ ಎಂಬ ತರುಣ ವಿಜ್ಞಾನಿಯ ಭೇಟಿಯಾಯಿತು. ಎಡೆಬಿಡದೆ ಬೀಸುವ ಪ್ರವಾಹದ ಮಾತು ಪಾರ್ಕರರ ಮನಸ್ಸಿನಲ್ಲಿ ನಿಂತಿತು. ಇತ್ತ ಇಂಗ್ಲೆಂಡಿನ ಸಿಡ್ನಿ ಚಾಪ್ಮನ್ನರು, ಸೂರ್ಯನ ಹೊರ ವಾತಾವರಣವಾದ ಕರೋನಾ ಹತ್ತು ಲಕ್ಷ ಡಿಗ್ರಿ ಶಾಖದ್ದಾದುದರಿಂದ ಭೂಮಿಯನ್ನೂ ದಾಟಿ ಹಬ್ಬಿರಬೇಕು, ಆದರೆ ನಿಶ್ಚಲವಾಗಿರಬೇಕು ಎಂದು ಲೆಕ್ಕ ಮಾಡಿದ್ದರು. ಒಂದೇ ಸ್ಥಳದಲ್ಲಿ ನಿಂತ ಅನಿಲವೂ ಓಡುವ ಅನಿಲವೂ ಹೇಗೆ ಇರಬಲ್ಲವು? ಅವೆರಡೂ ಒಂದೇ ವಸ್ತುವಾಗಿರಬೇಕೆಂದು ಪಾರ್ಕರ್ ಕಂಡುಕೊಂಡರು. ಅಷ್ಟು ಕಾದ ಕರೋನಾವನ್ನು ಸೂರ್ಯನ ಗುರುತ್ವ ಹಿಡಿದು ನಿಲ್ಲಿಸಲಾರದು. ಅದು ಹಿಗ್ಗುತ್ತ ಹಿಗ್ಗುತ್ತ ಶಬ್ದದ ವೇಗವನ್ನೂ ಮೀರಿ ಹೊರಕ್ಕೆ ಹರಿಯುತ್ತದೆ. ಇದಕ್ಕೆ ಸೌರಮಾರುತವೆಂದು ಅವರೇ ಹೆಸರಿಟ್ಟರು. ೧೯೫೮ರ ಆ ಲೇಖನವನ್ನು ಪರಿಶೀಲಕರು ತಿರಸ್ಕರಿಸಿದ್ದರು. ಪತ್ರಿಕೆಯ ಸಂಪಾದಕರಾಗಿದ್ದ ನಮ್ಮ ದೇಶದಲ್ಲಿ ಬೆಳೆದ ಸುಬ್ರಹ್ಮಣ್ಯನ್ ಚಂದ್ರಶೇಖರ್, ತಮಗೂ ಆ ವಿಚಾರ ಹಿಡಿಸದಿದ್ದರೂ, ಗಣಿತದಲ್ಲಿ ದೋಷವಿಲ್ಲವೆಂಬ ಒಂದೇ ಕಾರಣದಿಂದ ಅದನ್ನು ಅಚ್ಚು ಹಾಕಿಸಿದರು.

ಇಲ್ಲೊಂದು ಕೌತುಕವಿದೆ. ಕರೋನಾ ಅಷ್ಟೊಂದು ಕಾಯುವುದು ಹೇಗೆಂಬ ಪ್ರಶ್ನೆಯನ್ನು ೧೯೪೬ರಲ್ಲಿಯೇ ಎತ್ತಿಕೊಂಡು, ಸೂರ್ಯನ ಒಡಲಿನ ಕುದಿತದಿಂದ ಹುಟ್ಟುವ ಶಬ್ದತರಂಗಗಳು ಅದನ್ನು ಕಾಯಿಸುತ್ತವೆಂದು ಸೂಚಿಸಿದ್ದವರು ಬೀರ್ಮನ್ನರೇ. ಕರೋನಾದ ಮಟ್ಟಿಗೆ ಶಬ್ದತರಂಗ ಸಾಲದೆಂದೂ ಕಾಂತಕ್ಷೇತ್ರದ ಪಾತ್ರವೇ ಹಿರಿದೆಂದೂ ಮುಂದೆ ತಿಳಿಯಿತು. ಅದೇನೇ ಇರಲಿ, ದಾರದ ಎರಡು ತುದಿಗಳೂ, ಕಾದ ಕರೋನಾ ಮತ್ತು ಹಾರುವ ಬಾಲ, ಅವರ ಕೈಯಲ್ಲಿಯೇ ಇದ್ದವು. ಗಂಟು ಹಾಕಿದವರು ಪಾರ್ಕರ್.

೧೯೫೯ರಲ್ಲಿ ಸೋವಿಯತ್ ದೇಶದ ಲೂನಾ ನೌಕೆಗಳು ಈ ಗಾಳಿಯನ್ನು ಮೊದಲ ಬಾರಿಗೆ ಮುಟ್ಟಿ ನೋಡಿದವು. ೧೯೬೨ರಲ್ಲಿ ಶುಕ್ರನ ಕಡೆಗೆ ಹೊರಟ ಅಮೆರಿಕದ ಮ್ಯಾರಿನರ್-೨ ಮೂರು ತಿಂಗಳಿಗೂ ಹೆಚ್ಚು ಕಾಲ ಅದನ್ನು ಅಳೆಯಿತು. ವೇಗ ಸೆಕೆಂಡಿಗೆ ಸುಮಾರು ೩೦೦ರಿಂದ ೮೦೦ ಕಿಲೋಮೀಟರುಗಳ ನಡುವೆ ಏರಿಳಿಯುತ್ತಿದ್ದಿತು. ಗಾಳಿ ಒಂದು ದಿನವೂ ನಿಲ್ಲಲಿಲ್ಲ. ಧೂಮಕೇತುಗಳು ಹೇಳಿದ್ದು ನಿಜವಾಯಿತು.

೧೯೫೮ರಲ್ಲಿ ಸಂಸ್ಥೆ ಮ್ಯೂನಿಕ್ ನಗರಕ್ಕೆ ಸ್ಥಳಾಂತರಗೊಂಡಿತು. ಅಲ್ಲಿ ಖಭೌತ ಸಂಸ್ಥೆಯ ನಿರ್ದೇಶಕರಾಗಿ ಬೀರ್ಮನ್ನರು ೧೯೭೫ರವರೆಗೆ ದುಡಿದರು. ಬಂದ ಗೌರವಗಳು ಹಲವು: ೧೯೬೭ರಲ್ಲಿ ಬ್ರೂಸ್ ಪದಕ, ೧೯೭೪ರಲ್ಲಿ ಇಂಗ್ಲೆಂಡಿನ ರಾಯಲ್ ಖಗೋಳ ಸಂಘದ ಸ್ವರ್ಣಪದಕ, ೧೯೮೦ರಲ್ಲಿ ಕಾರ್ಲ್ ಶ್ವಾರ್ಟ್ಸ್‌ಶಿಲ್ಡ್ ಪದಕ. ಪದಕಗಳಿಗಿಂತ ಹೆಚ್ಚಾಗಿ ಗಮನಿಸಬೇಕಾದದ್ದು, ತಮ್ಮ ಹಳೆಯ ಲೆಕ್ಕ ಬಿದ್ದುಹೋದ ಮೇಲೂ ಅವರು ಆ ಕ್ಷೇತ್ರವನ್ನು ಬಿಟ್ಟುಹೋಗಲಿಲ್ಲ ಎಂಬುದು. ತಿದ್ದುಪಡಿಯನ್ನು ಒಪ್ಪಿಕೊಂಡು, ಕಾಂತಕ್ಷೇತ್ರವನ್ನು ಸೇರಿಸಿಕೊಂಡು, ಧೂಮಕೇತುವಿಗೂ ಸೌರಮಾರುತಕ್ಕೂ ನಡೆಯುವ ಮುಖಾಮುಖಿಯನ್ನು ಅವರು ಮೊದಲಿನಿಂದ ಮತ್ತೆ ಗಣಿಸತೊಡಗಿದರು. ಬ್ರೊಸೋವ್ಸ್‌ಕಿ ಮತ್ತು ಶ್ಮಿಟ್ ಅವರೊಡನೆ ೧೯೬೭ರಲ್ಲಿ ಪ್ರಕಟಿಸಿದ ಲೇಖನ ಈ ಸಾಧನೆಯ ಫಲ.

ಅದರ ತಿರುಳನ್ನು ಸ್ಥೂಲವಾಗಿ ಹೇಳುವುದಾದರೆ ಹೀಗಿದೆ. ಧೂಮಕೇತುವಿನ ಮೂಲ ಕೆಲವು ಕಿಲೋಮೀಟರು ಅಗಲದ, ಹಿಮ ಮತ್ತು ಧೂಳು ಬೆರೆತ ಗಡ್ಡೆ. ಬಿಸಿಲಿಗೆ ಅದರಿಂದ ಅನಿಲ ಎದ್ದು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರು ವೇಗದಲ್ಲಿ ಸುತ್ತಲೂ ಹಬ್ಬುತ್ತದೆ. ಗಡ್ಡೆಗೆ ಇದನ್ನು ಹಿಡಿದಿಡುವಷ್ಟು ಗುರುತ್ವವಿಲ್ಲದ್ದರಿಂದ ಅನಿಲ ಹತ್ತು ಲಕ್ಷ ಕಿಲೋಮೀಟರಿನವರೆಗೂ ಹೋಗುತ್ತದೆ. ವಿದ್ಯುದಾವೇಶವಿಲ್ಲದ ಅಣುಗಳಿಗೆ ಕಾಂತಕ್ಷೇತ್ರದ ಹಂಗಿಲ್ಲ. ಅವು ಸೌರಮಾರುತದೊಳಗೆ ನಿರಾತಂಕವಾಗಿ ನುಗ್ಗುತ್ತವೆ. ಆದರೆ ಸೂರ್ಯನ ನೇರಳಾತೀತ ಕಿರಣ ತಾಗಿಯೋ, ಮಾರುತದ ಪ್ರೋಟಾನಿಗೆ ಇಲೆಕ್ಟ್ರಾನನ್ನು ಕೊಟ್ಟೋ ಅವು ಅಯಾನುಗಳಾದ ಕ್ಷಣವೇ ಮಾರುತದ ಕಾಂತಕ್ಷೇತ್ರ ಅವನ್ನು ಹಿಡಿದು ತನ್ನೊಡನೆ ಸೆಳೆಯುತ್ತದೆ. ಪ್ರೋಟಾನಿಗಿಂತ ಹದಿನೆಂಟು, ಇಪ್ಪತ್ತೆಂಟು ಪಟ್ಟು ಭಾರವಾದ ಈ ಹೊಸ ಪ್ರಯಾಣಿಕರನ್ನು ಹತ್ತಿಸಿಕೊಂಡ ಗಾಳಿ, ಜಾತ್ರೆಯ ದಿನದ ಬಸ್ಸಿನಂತೆ, ಭಾರಕ್ಕೆ ನಿಧಾನವಾಗುತ್ತದೆ. ಸ್ವಲ್ಪವೇ ಭಾರ ಸೇರಿದರೂ ಶಬ್ದಾತೀತ ವೇಗದ ಹರಿವು ಸರಾಗವಾಗಿ ಸಾಗಲಾರದು. ಧೂಮಕೇತುವಿನ ಮುಂದೆ ಬಹುದೂರದಲ್ಲಿಯೇ ಒಂದು ಆಘಾತತರಂಗ ಏಳುತ್ತದೆ. ದೋಣಿಯ ಮೂತಿಯ ಮುಂದೆ ಏಳುವ ಅಲೆಯನ್ನು ನೆನೆಯಬಹುದು. ಅದರ ಒಳಗೆ ಗಾಳಿ ಇನ್ನೂ ನಿಧಾನವಾಗಿ, ಬಲರೇಖೆಗಳು ಒತ್ತೊತ್ತಾಗಿ ರಾಶಿ ಬಿದ್ದು, ಕಟ್ಟಕಡೆಗೆ ಧೂಮಕೇತುವಿನ ಸ್ವಂತ ಅನಿಲದ ಒತ್ತಡಕ್ಕೆ ಸೋತು ನಿಲ್ಲುತ್ತದೆ. ಅದಕ್ಕಿಂತ ಒಳಗೆ ಸೂರ್ಯನ ಕಾಂತಕ್ಷೇತ್ರಕ್ಕೆ ಪ್ರವೇಶವಿಲ್ಲ.

ಬೀರ್ಮನ್ನರ ಇನ್ನೊಂದು ಮುನ್ಸೂಚನೆ ಬೇಗನೆ ಫಲಿಸಿತು. ನೀರಿನ ಅಣು ಒಡೆದರೆ ಹೈಡ್ರೊಜನ್ ಹೊರಬೀಳಬೇಕಷ್ಟೆ. ಹಾಗಾದರೆ ಧೂಮಕೇತುವಿನ ಸುತ್ತ ಕಣ್ಣಿಗೆ ಕಾಣದ, ನೇರಳಾತೀತದಲ್ಲಿ ಮಾತ್ರ ಹೊಳೆಯುವ ಬೃಹತ್ ಹೈಡ್ರೊಜನ್ ಮೋಡವಿರಬೇಕೆಂದು ೧೯೬೮ರಲ್ಲಿ ಅವರು ಹೇಳಿದರು. ಎರಡೇ ವರ್ಷಗಳಲ್ಲಿ, ೧೯೭೦ರಲ್ಲಿ, ಉಪಗ್ರಹಗಳು ಅಂಥ ಮೋಡಗಳನ್ನು ಕಂಡವು. ಬೆನೆಟ್ ಧೂಮಕೇತುವಿನ ಮೋಡವಂತೂ ಸೂರ್ಯಬಿಂಬಕ್ಕಿಂತ ದೊಡ್ಡದಾಗಿದ್ದಿತು.

ಸಹೋದ್ಯೋಗಿಯಾದ ರೈಮರ್ ಲ್ಯೂಸ್ಟ್ ಅವರೊಡನೆ ಸೇರಿ ಬೀರ್ಮನ್ನರು ಒಂದು ವಿಚಿತ್ರ ಪ್ರಯೋಗವನ್ನೂ ಯೋಚಿಸಿದ್ದರು. ಧೂಮಕೇತು ಬರುವವರೆಗೆ ಕಾಯುವುದೇಕೆ? ಬೇರಿಯಂ ಲೋಹದ ಆವಿ ಬಿಸಿಲಿನಲ್ಲಿ ಕ್ಷಿಪ್ರವಾಗಿ ಅಯಾನಾಗುತ್ತದೆ. ಅದನ್ನು ರಾಕೆಟ್ಟಿನಿಂದ ಮೇಲೆ ಬಿಟ್ಟರೆ ಕೃತಕ ಧೂಮಕೇತುವನ್ನೇ ಸೃಷ್ಟಿಸಬಹುದಲ್ಲವೆ? ಮ್ಯೂನಿಕ್ ಬಳಿಯ ಗಾರ್ಕಿಂಗ್‌ನಲ್ಲಿ ಲ್ಯೂಸ್ಟರು ೧೯೬೩ರಲ್ಲಿ ಕಟ್ಟಿದ ಸಂಸ್ಥೆ ಇದನ್ನೇ ಹಿಡಿದು ಬೆಳೆಯಿತು. ಭೂಮಿಯ ಮೇಲ್ವಾತಾವರಣದಲ್ಲಿ ಹಲವು ಬೇರಿಯಂ ಮೋಡಗಳನ್ನು ಬಿಟ್ಟ ಮೇಲೆ, ೧೯೮೪ರ ಡಿಸೆಂಬರ್ ೨೭ರಂದು, ಭೂಮಿಯಿಂದ ಲಕ್ಷ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಅವರ ಉಪಗ್ರಹ ಬೇರಿಯಂ ಆವಿಯನ್ನು ಎಸೆಯಿತು. ಕೆಲವು ನಿಮಿಷಗಳ ಕಾಲ ತಲೆಯೂ ಬಾಲವೂ ಉಳ್ಳ, ಮನುಷ್ಯನೇ ಮಾಡಿದ ಧೂಮಕೇತು ಆಗಸದಲ್ಲಿ ಕಂಡಿತು. ಬೀರ್ಮನ್ನರಿಗೆ ಆಗ ಎಪ್ಪತ್ತೇಳು ವರ್ಷ.

ಮರುವರ್ಷದ ಸೆಪ್ಟೆಂಬರ್ ೧೧ರಂದು ಮನುಷ್ಯನ ಯಂತ್ರವೊಂದು ಮೊದಲ ಬಾರಿಗೆ ನಿಜವಾದ ಧೂಮಕೇತುವಿನ ಬಾಲದೊಳಗೆ ಹಾದುಹೋಯಿತು. ಸೂರ್ಯ-ಭೂಮಿಗಳ ಸೆಳೆತ ಸಮವಾಗಿ ಹೊಂದುವ ಒಂದು ನೆಲೆಯಲ್ಲಿ ನಿಂತು ಸೌರಮಾರುತವನ್ನೇ ಗಮನಿಸಲೆಂದು ೧೯೭೮ರಲ್ಲಿ ಹಾರಿಸಿದ್ದ ನೌಕೆ ಅದು. ಅದೇ ನೆಲೆಗೆ ನಮ್ಮ ಆದಿತ್ಯ-ಎಲ್೧ ೨೦೨೪ರ ಜನವರಿಯಲ್ಲಿ ತಲಪಿತು. ಅದರ ಮುಖ್ಯ ಉಪಕರಣವನ್ನು ಸಿದ್ಧಪಡಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಆ ಹಳೆಯ ನೌಕೆಯನ್ನು ಚಂದ್ರನ ಸೆಳೆತದ ನೆರವಿನಿಂದ ದಾರಿ ತಿರುಗಿಸಿ, ಐಸ್ ಎಂಬ ಹೊಸ ಹೆಸರು ಕೊಟ್ಟು, ಜಿಯಾಕೊಬಿನಿ-ಸಿನ್ನರ್ ಧೂಮಕೇತುವಿನ ಕಡೆಗೆ ಕಳುಹಿಸಿದ್ದರು. ಮೂಲಗಡ್ಡೆಯಿಂದ ೭,೮೦೦ ಕಿಲೋಮೀಟರು ಹಿಂದೆ ಅದು ಬಾಲವನ್ನು ಸೀಳಿಕೊಂಡು ಹೋಯಿತು. ಬಾಲದ ಒಂದು ಅರ್ಧದಲ್ಲಿ ಕಾಂತಕ್ಷೇತ್ರ ಸೂರ್ಯನ ಕಡೆಗೆ, ಇನ್ನೊಂದರಲ್ಲಿ ಸೂರ್ಯನಿಂದ ಹೊರಗೆ: ಮಡಿಚಿದ ಹಗ್ಗದ ಎರಡು ಎಳೆಗಳು. ಆಲ್ಫ್‌ವೇನರ ಚಿತ್ರ ಅಕ್ಷರಶಃ ಸತ್ಯವಾಗಿದ್ದಿತು. ಇದನ್ನು ತಿಳಿಯುವ ಭಾಗ್ಯ ಬೀರ್ಮನ್ನರಿಗೆ ಲಭಿಸಿತು.

ಉಳಿದದ್ದು ಹ್ಯಾಲಿ. ಎಪ್ಪತ್ತಾರು ವರ್ಷಗಳ ನಂತರ ಮರಳುತ್ತಿದ್ದ ಆ ಧೂಮಕೇತುವನ್ನು ಎದುರುಗೊಳ್ಳಲು ಐದು ನೌಕೆಗಳು ದಾರಿಯಲ್ಲಿದ್ದವು. ೧೯೧೦ರಲ್ಲಿ ಅದು ಬಂದಾಗ ಬೀರ್ಮನ್ನರು ಮೂರು ವರ್ಷದ ಮಗು. ೧೯೮೬ರ ಜನವರಿ ೧೨ರಂದು, ಹ್ಯಾಲಿ ಸೂರ್ಯನನ್ನು ಸಮೀಪಿಸಲು ನಾಲ್ಕು ವಾರಗಳು ಉಳಿದಿದ್ದಾಗ, ಮ್ಯೂನಿಕ್ಕಿನಲ್ಲಿ ಅವರು ತೀರಿಕೊಂಡರು.

ಮಾರ್ಚ್ ೬ ಮತ್ತು ೯ರಂದು ಸೋವಿಯತ್ ದೇಶದ ಎರಡು ವೇಗಾ ನೌಕೆಗಳು ಹ್ಯಾಲಿಯ ಪಕ್ಕದಲ್ಲಿ ಹಾದವು. ಯುರೋಪಿನ ಜಿಯೊಟ್ಟೊ ನೌಕೆ ಮಾರ್ಚ್ ೧೩ರ ಸಂಜೆ ಧೂಮಕೇತುವಿನಿಂದ ಸುಮಾರು ಹನ್ನೊಂದು ಲಕ್ಷ ಕಿಲೋಮೀಟರು ದೂರದಲ್ಲಿದ್ದಾಗ ಆಘಾತತರಂಗವನ್ನು ದಾಟಿತು. ಅಂದು ಬೀರ್ಮನ್ನರ ಎಪ್ಪತ್ತೊಂಬತ್ತನೆಯ ಹುಟ್ಟುಹಬ್ಬ. ಮುಂದಿನ ನಾಲ್ಕೂವರೆ ಗಂಟೆಗಳಲ್ಲಿ ಗಾಳಿ ಭಾರವಾಗುತ್ತ, ನಿಧಾನವಾಗುತ್ತ, ಬಲರೇಖೆಗಳು ಒತ್ತೊತ್ತಾಗುತ್ತ ಹೋದದ್ದನ್ನು ನೌಕೆ ಅಳೆಯಿತು. ನಡುರಾತ್ರಿಗೆ ಸ್ವಲ್ಪ ಮುನ್ನ, ಮೂಲಗಡ್ಡೆಯಿಂದ ೪,೭೦೦ ಕಿಲೋಮೀಟರಿನಷ್ಟು ದೂರದಲ್ಲಿ, ಅದರ ಕಾಂತಮಾಪಕ ಒಮ್ಮೆಗೇ ಸೊನ್ನೆಗೆ ಇಳಿಯಿತು. ಸೂರ್ಯನ ಗಾಳಿ ಅಲ್ಲಿಗೆ ನಿಂತಿದ್ದಿತು.